ಕ್ಲಾಸಿಗೆ ಕ್ಯಾಮೆರಾ ಬಂತು, ಮುಂದೇನು? ಟೀಚರ್‌ಗಳ ಪ್ರಶ್ನೆ, ಮೇಷ್ಟ್ರ ಉತ್ತರ

ಹೋದ ಸಂಚಿಕೇಲಿ "ಕ್ಲಾಸಲ್ಲಿ ಡಿಜಿಟಲ್ ಕ್ಯಾಮೆರಾ ಬಳಸೋ ಬಗ್ಗೆ ನಿಮ್ಮ ಪ್ರಶ್ನೆ, ನಿಮ್ಮ ಐಡಿಯಾ ಎರಡೂ ಬರೀರಿ" ಅಂತ ಕೇಳಿದ್ವಿ. ಬಂದಿದ್ದನ್ನೆಲ್ಲಾ ಓದಿದ್ಮೇಲೆ ಒಂದು ವಿಷಯ ಎದ್ದು ಕಾಣ್ತು. ಹೆಚ್ಚಿನ ಕಡೆ ಕ್ಯಾಮೆರಾ ಟೀಚರ್ ಕೈಲೇ ಇದೆ, ಫಂಕ್ಷನ್ ಇದ್ದಾಗ ಬೀರುವಿಂದ ಹೊರಗೆ ಬರತ್ತೆ, ಮುಗಿದ್ಮೇಲೆ ಒಳಗೆ ಹೋಗತ್ತೆ. ನಾನು ಹೇಳೋದು, ಅದು ಮಕ್ಕಳ ಕೈಗೆ ಹೋಗ್ಬೇಕು, ಬರೀ ಹೋದ್ರೆ ಸಾಲ್ದು, ಒಂದು ಪ್ರಶ್ನೆ ಜೊತೆ ಹೋಗ್ಬೇಕು. ಇಲ್ಲಿ ಕ್ಯಾಮೆರಾ ಅಂದ್ರೆ ಮೊಬೈಲ್, ಟ್ಯಾಬ್ ಕ್ಯಾಮೆರಾನೂ ಸೇರ್ಸಿನೇ ಹೇಳ್ತಿದೀನಿ, ಹಳೇ ಪುಟ್ಟ ಡಿಜಿಟಲ್ ಕ್ಯಾಮೆರಾ ಇದ್ರೆ ಇನ್ನೂ ಒಳ್ಳೇದು, ಅದ್ರಲ್ಲಿ ಮೆಸೇಜ್ ಬರಲ್ಲ, ಗೇಮ್ ಇರಲ್ಲ.

ಪ್ರಶ್ನೆ: ಮೇಷ್ಟ್ರೇ, ನಮ್ಮ ಸ್ಕೂಲಲ್ಲಿ ಇರೋದು ಒಂದೇ ಕ್ಯಾಮೆರಾ, ನನ್ನ ಐದನೇ ಕ್ಲಾಸಲ್ಲಿ ನಲವತ್ತು ಮಕ್ಕಳು. ಕೈಗೆ ಕೊಟ್ರೆ ಕಿತ್ತಾಡ್ತಾರೆ, ಸಿಕ್ಕವರು ಸಿಕ್ಕಿದ್ದೆಲ್ಲಾ ಕ್ಲಿಕ್ ಮಾಡ್ತಾರೆ, ನೂರಾರು ಫೋಟೋ ಆಗತ್ತೆ, ಒಂದೂ ಉಪಯೋಗಕ್ಕೆ ಬರಲ್ಲ. ಏನ್ ಮಾಡ್ಲಿ?
— ಒಬ್ಬ ಪ್ರೈಮರಿ ಟೀಚರ್

ಉತ್ತರ: ಮೇಡಂ, ಒಂದೇ ಕ್ಯಾಮೆರಾ ಇರೋದು ತೊಂದ್ರೆ ಅಂತ ನಂಗೆ ಅನ್ಸಲ್ಲ. ತೊಂದ್ರೆ ಇರೋದು ಲೆಕ್ಕವಿಲ್ಲದ ಕ್ಲಿಕ್‌ನಲ್ಲಿ. ಡಿಜಿಟಲ್‌ನಲ್ಲಿ ಫಿಲಂ ಖರ್ಚಾಗಲ್ಲ ಅಂತ ಯಾರೂ ಯೋಚ್ನೆ ಮಾಡಲ್ಲ, ಹಾಗಾಗಿ ಆ ಮಿತಿ ನಾವೇ ಹಾಕ್ಬೇಕು. ಒಂದು ಗುಂಪಿಗೆ ಮೂರೇ ಫೋಟೋ, ಡಿಲೀಟ್ ಮಾಡಿ ಮತ್ತೆ ತೆಗ್ಯೋ ಹಾಗಿಲ್ಲ. ಇಷ್ಟು ಹೇಳಿ ನೋಡಿ, ಅದೇ ಮಕ್ಕಳು ಬಗ್ಗಿ ನೋಡ್ತಾರೆ, ಸುತ್ತ ತಿರುಗ್ತಾರೆ, "ಬೇಡ ಇಲ್ಲಿಂದ ನೆರಳು ಬೀಳತ್ತೆ" ಅಂತ ತಮ್ಮತಮ್ಮಲ್ಲೇ ವಾದ ಮಾಡ್ತಾರೆ. ಆ ವಾದಾನೇ ಪಾಠ.

ಐದೈದು ಮಕ್ಕಳ ಗುಂಪು ಮಾಡಿ ಕೆಲ್ಸ ಹಂಚಿ. ಒಬ್ರು ಜಾಗ ಹುಡುಕೋರು, ಒಬ್ರು ಬೆಳಕು ನೋಡೋರು, ಒಬ್ರು ತೆಗ್ಯೋರು, ಒಬ್ರು ಎಲ್ಲಿ ಯಾವಾಗ ಯಾಕೆ ತೆಗ್ದ್ವಿ ಅಂತ ಬರ್ಕೊಳ್ಳೋರು, ಇನ್ನೊಬ್ರು ಕ್ಯಾಮೆರಾ ಕಾಯೋರು, ಅಂದ್ರೆ ಸ್ಟ್ರಾಪ್ ಕೈಗೆ ಹಾಕಿದಾರಾ, ಲೆನ್ಸ್ ಮೇಲೆ ಬೆರಳಿದ್ಯಾ ಅಂತ ನೋಡೋರು. ಪ್ರತಿ ಸಲ ಕೆಲ್ಸ ಬದಲಾಗ್ಲಿ. ಒಂದು ಗುಂಪು ಹೊರಗೆ ಹೋದಾಗ ಉಳಿದವರು ಏನ್ಮಾಡೋದು? ಒಂದು ರಟ್ಟಲ್ಲಿ ಚೌಕಾಕಾರದ ಕಿಂಡಿ ಕತ್ತರಿಸ್ಕೊಳ್ಳೋಕೆ ಹೇಳಿ, ಒಂದು ಕಣ್ಣು ಮುಚ್ಚಿ ಆ ಕಿಂಡೀಲಿ ಕ್ಲಾಸ್ ನೋಡೋದು, ಕಣ್ಣಿಗೆ ಹತ್ರ ತಂದ್ರೆ ಜಾಸ್ತಿ ಕಾಣತ್ತೆ, ದೂರ ಹಿಡಿದ್ರೆ ಕಮ್ಮಿ ಕಾಣತ್ತೆ, ಏನನ್ನ ಒಳಗೆ ಇಟ್ಕೋಬೇಕು ಏನನ್ನ ಬಿಡ್ಬೇಕು ಅಂತ ಅಲ್ಲೇ ಗೊತ್ತಾಗತ್ತೆ. ಆಮೇಲೆ ಅದನ್ನ ಪೆನ್ಸಿಲ್‌ನಲ್ಲಿ ಬರೀಲಿ. ಕ್ಯಾಮೆರಾ ಸರದಿ ಬರೋ ಹೊತ್ತಿಗೆ ಅವ್ರ ಫೋಟೋ ಅರ್ಧ ರೆಡಿ ಆಗಿರತ್ತೆ.

ಮತ್ತೆ "ಹೋಗಿ ಫೋಟೋ ತೆಗೀರಿ" ಅಂತ ಮಾತ್ರ ಹೇಳ್ಬೇಡಿ. "ನಮ್ಮ ಸ್ಕೂಲಲ್ಲಿ ಸವೆದಿರೋದು ಏನೇನಿದೆ, ಯಾಕೆ ಸವೀತು", "ಮನುಷ್ಯರು ನೆಡದೇ ತಾನಾಗೇ ಬೆಳೆದಿರೋದು ಎಲ್ಲಿದೆ", "ಲಂಬ ಕೋನ ಅಲ್ಲದ ಕೋನ ಮೂರು ಹುಡುಕಿ" ಈ ಥರ ಪ್ರಶ್ನೆ ಇದ್ರೆ ಸಿಕ್ಕಿದ್ದೆಲ್ಲಾ ಕ್ಲಿಕ್ ಮಾಡೋಕೆ ಮನಸ್ಸೇ ಬರಲ್ಲ. ಸವೆತದ ಪ್ರಶ್ನೆ ನಂಗೆ ತುಂಬಾ ಇಷ್ಟ, ಮೆಟ್ಟಿಲಿನ ನಡುಭಾಗ ಯಾಕೆ ತಗ್ಗಾಗಿದೆ, ಬಾಗಿಲ ಹಿಡಿಕೆ ಒಂದೇ ಕಡೆ ಯಾಕೆ ಹೊಳೀತಿದೆ ಅಂತ ಶುರುವಾಗಿ ಅದು ಘರ್ಷಣೆ ಪಾಠಕ್ಕೂ ಹೋಗತ್ತೆ, ಇತಿಹಾಸಕ್ಕೂ ಹೋಗತ್ತೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸಿಗೆ ಫಿಸಿಕ್ಸ್ ಹೇಳ್ತೀನಿ. ಲ್ಯಾಬಲ್ಲಿ ಸಾಮಾನು ಕಮ್ಮಿ. ಕ್ಯಾಮೆರಾದಿಂದ ನಿಜವಾಗ್ಲೂ ಅಳತೆ ಮಾಡೋ ಪ್ರಯೋಗ ಆಗತ್ತಾ, ಇಲ್ಲಾ ಬರೀ ವಿಡಿಯೋ ತೋರ್ಸಿ ಖುಷಿ ಪಡ್ಸೋದಾ?

ಉತ್ತರ: ಖಂಡಿತ ಆಗತ್ತೆ ಸರ್, ಅದೂ ಚೆನ್ನಾಗಿ ಆಗತ್ತೆ. ಕ್ಯಾಮೆರಾ ಅಂದ್ರೆ ಗಡಿಯಾರ ಮತ್ತೆ ಸ್ಕೇಲ್ ಎರಡೂ ಒಂದರಲ್ಲೇ ಇರೋ ಸಾಧನ. ಸಾಮಾನ್ಯವಾಗಿ ವಿಡಿಯೋ ಸೆಕೆಂಡಿಗೆ 30 ಫ್ರೇಮ್, ಅಂದ್ರೆ 30 ಬಿಡಿ ಚಿತ್ರ ಇರತ್ತೆ, ಹಾಗಾಗಿ ಮೂರು ಫ್ರೇಮ್ ದಾಟಿದ್ರೆ 0.1 ಸೆಕೆಂಡ್.

ಗೋಡೆಗೆ ಒಂದು ಮೀಟರ್ ಸ್ಕೇಲ್ ನೇರವಾಗಿ ಅಂಟ್ಸಿ, ಅದ್ರ ಪಕ್ಕದಲ್ಲೇ ಗೋಡೆಗೆ ಹತ್ತಿಕೊಂಡ ಹಾಗೆ ಒಂದು ಚೆಂಡು ಬಿಡಿ, ಕ್ಯಾಮೆರಾನ ಅಲುಗಾಡದ ಹಾಗೆ ಇಟ್ಟು ವಿಡಿಯೋ ಮಾಡಿ. ಆಮೇಲೆ ಒಂದೊಂದೇ ಫ್ರೇಮ್ ಮುಂದೆ ಸರಿಸ್ತಾ ಪ್ರತಿ ಮೂರನೇ ಫ್ರೇಮಲ್ಲಿ ಚೆಂಡು ಎಲ್ಲಿದೆ ಅಂತ ಓದ್ಕೊಳ್ಳಿ. ಬಿಟ್ಟ ಜಾಗದಿಂದ 0.1 ಸೆಕೆಂಡಿಗೆ 4.9 ಸೆಂ.ಮೀ., 0.2ಕ್ಕೆ 19.6, 0.3ಕ್ಕೆ 44.1, 0.4ಕ್ಕೆ 78.4 ಸೆಂ.ಮೀ. ಹತ್ರ ಬರ್ಬೇಕು. ಈಗ ಮಧ್ಯದ ಅಂತರ ತೆಗೀರಿ, 4.9, 14.7, 24.5, 34.3. ಇದು 1, 3, 5, 7ರ ಅನುಪಾತ. ಗೆಲಿಲಿಯೋ ಇಳಿಜಾರು ಹಲಗೆ ಮೇಲೆ ಗುಂಡು ಉರುಳ್ಸಿ ಕಂಡುಕೊಂಡ ಬೆಸಸಂಖ್ಯೆ ನಿಯಮ ಇದೇನೇ, ನಿಮ್ಮ ಮಕ್ಕಳು ಗೋಡೆ ಪಕ್ಕ ನಿಂತು ಅದನ್ನ ಮತ್ತೆ ಹಿಡೀತಾರೆ.

ಇಲ್ಲಿ ಒಂದು ತೊಡಕು ಬರತ್ತೆ, ಮೊದಲೇ ಹೇಳ್ಬಿಡ್ತೀನಿ. ಚೆಂಡು ಬಿಟ್ಟ ಕ್ಷಣ ಸರಿಯಾಗಿ ಒಂದು ಫ್ರೇಮಲ್ಲೇ ಬೀಳಲ್ಲ, ಎರಡು ಫ್ರೇಮ್ ಮಧ್ಯೆ ಎಲ್ಲೋ ಇರತ್ತೆ, ಹಾಗಾಗಿ 1, 3, 5 ಸ್ವಲ್ಪ ತಪ್ಪತ್ತೆ, ಮಕ್ಕಳು ಪ್ರಯೋಗ ಕೆಟ್ಟೋಯ್ತು ಅಂದ್ಕೊಳ್ತಾರೆ. ಆಗ ಅಂತರಗಳ ಅಂತರ ತೆಗೀರಿ. 14.7ರಲ್ಲಿ 4.9 ಕಳೆದ್ರೆ 9.8, 24.5ರಲ್ಲಿ 14.7 ಕಳೆದ್ರೂ 9.8. ಚೆಂಡು ಬಿಟ್ಟ ಮೇಲೆ ನೀವು ಯಾವ ಫ್ರೇಮಿಂದ ಎಣಿಸೋಕೆ ಶುರು ಮಾಡಿದ್ರೂ ಈ 9.8 ಸೆಂ.ಮೀ. ಬದಲಾಗಲ್ಲ, ಯಾಕಂದ್ರೆ ಅದು ಗುರುತ್ವ ವೇಗೋತ್ಕರ್ಷ ಗುಣಿಸು 0.1ರ ವರ್ಗ. ಬೋರ್ಡ್ ಮೇಲೆ ಹತ್ತು ಸಲ ಬರೆದ್ರೂ ಬಾರದ ನಂಬಿಕೆ ಈ ಒಂದು ಕಳೆಯೋ ಲೆಕ್ಕದಿಂದ ಬರತ್ತೆ.

ಎರಡು ಎಚ್ಚರಿಕೆ. ಸ್ಕೇಲ್ ಹಿಂದೆ, ಚೆಂಡು ಮುಂದೆ ಇದ್ರೆ ಅಳತೆ ತಪ್ಪತ್ತೆ, ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರ್ಬೇಕು, ಕ್ಯಾಮೆರಾ ಆದಷ್ಟೂ ದೂರ ಇಟ್ಟು ಎದುರು ನೇರಕ್ಕೆ ಇಟ್ರೆ ಒಳ್ಳೇದು. ಇನ್ನೊಂದು ಬೆಳಕು. ಕತ್ತಲಿದ್ರೆ ಶಟರ್, ಅಂದ್ರೆ ಬೆಳಕನ್ನ ಒಳಗೆ ಬಿಡೋ ಬಾಗಿಲು, ಜಾಸ್ತಿ ಹೊತ್ತು ತೆರೆದಿರತ್ತೆ, 0.3 ಸೆಕೆಂಡ್ ಆಗೋ ಹೊತ್ತಿಗೆ ಚೆಂಡಿನ ವೇಗ ಸೆಕೆಂಡಿಗೆ ಹೆಚ್ಚುಕಮ್ಮಿ 3 ಮೀಟರ್ ಆಗಿರತ್ತೆ, ಶಟರ್ ಸೆಕೆಂಡಿನ ಮೂವತ್ತನೇ ಒಂದು ಭಾಗ ತೆರೆದಿದ್ರೆ ಚೆಂಡು 10 ಸೆಂ.ಮೀ. ಉದ್ದದ ಗೆರೆ ಥರ ಕಾಣತ್ತೆ, ಸಾವಿರದ ಒಂದು ಭಾಗ ಆದ್ರೆ ಬರೀ 3 ಮಿ.ಮೀ. ಮಸುಕು. ಬಿಸಿಲಿಗೆ ಹೋಗಿ ಮಾಡಿ, ಬೆಳಕು ಕಮ್ಮಿ ಇದ್ರೆ ಕೆಲವು ಮೊಬೈಲ್ ತಾನೇ ಫ್ರೇಮ್ ಸಂಖ್ಯೆ ಇಳಿಸ್ಬಿಡತ್ತೆ, ಆಗ ಗಡಿಯಾರಾನೇ ತಪ್ಪಾಗತ್ತೆ. ಕಂಪ್ಯೂಟರ್ ಇದ್ರೆ ಟ್ರ್ಯಾಕರ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ವಿಡಿಯೋ ಹಾಕಿ ಗುರುತು ಮಾಡ್ತಾ ಹೋದ್ರೆ ಗ್ರಾಫ್ ಬರತ್ತೆ. ಆದ್ರೆ ಮೊದಲ ಸಲ ಕೈಲೇ ಮಾಡ್ಸಿ ಅನ್ನೋದು ನನ್ನ ಅಭಿಪ್ರಾಯ.

ಈ ಪಾಠದ ಜೊತೆ ಕುದುರೆ ಕಥೇನೂ ಹೇಳಿ. ಓಡೋ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡತ್ತಾ ಇಲ್ವಾ ಅಂತ ಬರಿಗಣ್ಣಿಗೆ ಗೊತ್ತಾಗ್ತಿರಲಿಲ್ಲ. 1878ರಲ್ಲಿ ಮೈಬ್ರಿಜ್ ಅನ್ನೋ ಫೋಟೋಗ್ರಾಫರ್ ಸಾಲಾಗಿ ಕ್ಯಾಮೆರಾ ಇಟ್ಟು, ಕುದುರೆ ಓಡ್ತಾ ದಾರ ತಾಗಿದ ಹಾಗೆ ಒಂದೊಂದೇ ಫೋಟೋ ಆಗೋ ಹಾಗೆ ಮಾಡಿ ತೋರ್ಸಿದ್ರು, ಬಿಡತ್ತೆ ಅಂತ. ಬಿಡೋದು ಕಾಲು ಚಾಚಿದಾಗ ಅಲ್ಲ, ಹೊಟ್ಟೆ ಕೆಳಗೆ ಮಡಚಿದಾಗ, ಅಲ್ಲಿವರೆಗೆ ಎಷ್ಟೋ ಚಿತ್ರಕಾರರು ಚಾಚಿದ ಹಾಗೇ ಬರೀತಿದ್ರು.

ಸಣ್ಣದೊಂದು ಬೇಕಂದ್ರೆ ಟಿವಿ ರಿಮೋಟ್ ತುದಿ ಕ್ಯಾಮೆರಾಗೆ ಹಿಡಿದು ಬಟನ್ ಒತ್ತಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸ್ಕ್ರೀನ್ ಮೇಲೆ ಮಿನುಗತ್ತೆ. ಕೆಲವು ಮೊಬೈಲ್‌ನ ಹಿಂದಿನ ಕ್ಯಾಮೆರಾದಲ್ಲಿ ಫಿಲ್ಟರ್ ಇರೋದ್ರಿಂದ ಕಾಣದೇ ಇರ್ಬೋದು, ಮುಂದಿನ ಕ್ಯಾಮೆರಾ ಟ್ರೈ ಮಾಡಿ.

ಪ್ರಶ್ನೆ: ಮ್ಯಾಥ್ಸ್‌ಗೂ ಕ್ಯಾಮೆರಾಗೂ ಏನ್ ಸಂಬಂಧ? ಆಕಾರ, ಸಮಮಿತಿ ಫೋಟೋ ತೆಗ್ಸಿದ್ದಾಯ್ತು, ಅದ್ರ ಮುಂದೆ ಏನೂ ಹೊಳೀತಿಲ್ಲ.

ಉತ್ತರ: ಫೋಟೋ ಒಳಗಡೆ ಹೋಗಿ. ಡಿಜಿಟಲ್ ಫೋಟೋ ಅಂದ್ರೆ ಸಂಖ್ಯೆಗಳ ಕೋಷ್ಟಕ ಅಷ್ಟೇ. ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು 1975ರಲ್ಲಿ, ಕೊಡಾಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್. ಅದ್ರ ಚಿತ್ರ 100 ಅಡ್ಡ, 100 ಉದ್ದ, ಒಟ್ಟು 10,000 ಚುಕ್ಕಿ, ಕಪ್ಪುಬಿಳುಪು, ಒಂದು ಚಿತ್ರ ಕ್ಯಾಸೆಟ್ ಟೇಪ್ ಮೇಲೆ ಇಳಿಯೋಕೆ 23 ಸೆಕೆಂಡ್. ಈಗ 12 ಮೆಗಾಪಿಕ್ಸೆಲ್ ಅಂದ್ರೆ 4000 ಗುಣಿಸು 3000, ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕಿ. ಹಳೇದಕ್ಕಿಂತ ಎಷ್ಟು ಪಟ್ಟು ಅಂತ ಮಕ್ಕಳೇ ಲೆಕ್ಕ ಹಾಕ್ಲಿ. ಆಮೇಲೆ ಒಂದು ಮುಖದ ಫೋಟೋ ಪ್ರಿಂಟ್ ಮೇಲೆ ಗ್ರಾಫ್ ಗೆರೆ ಎಳ್ಸಿ, ಪ್ರತಿ ಮನೆಗೂ ಕಪ್ಪಿಗೆ 0, ಬಿಳಿಗೆ 9, ನಡುವಿನ ಬೂದುಬಣ್ಣಗಳಿಗೆ ನಡುವಿನ ಅಂಕಿ ಅಂತ ಕೊಡೋಕೆ ಹೇಳಿ, ಆ ಅಂಕಿ ಪಟ್ಟಿ ಮಾತ್ರ ಪಕ್ಕದ ಗುಂಪಿಗೆ ಕಳ್ಸಿ, ಅವ್ರು ಖಾಲಿ ಗ್ರಾಫ್ ಹಾಳೇಲಿ ಪೆನ್ಸಿಲಿಂದ ತುಂಬ್ಸಿ ಯಾರ ಮುಖ ಅಂತ ಹೇಳ್ಬೇಕು. ಇಪ್ಪತ್ತಕ್ಕೆ ಇಪ್ಪತ್ತು ಮನೆ ಇದ್ದಾಗ ಗೊತ್ತಾಗತ್ತಾ, ಹತ್ತಕ್ಕೆ ಹತ್ತು ಇದ್ದಾಗ? ಮನೆಯ ಬದಿ ಅರ್ಧ ಮಾಡಿದ್ರೆ ಮನೆಗಳ ಸಂಖ್ಯೆ ನಾಲ್ಕು ಪಟ್ಟು ಯಾಕಾಗತ್ತೆ ಅನ್ನೋದು ತುಂಬ್ಸಿ ಕೈ ನೋವು ಬಂದ ಮಕ್ಕಳಿಗೆ ಮರೆಯಲ್ಲ.

ಪ್ರಶ್ನೆ: ನಮಸ್ತೆ. ನಾನು ಭಾಷೆ ಪಾಠ ಮಾಡೋಳು. ಫೋಟೋ ಕೊಟ್ಟು ವಾಕ್ಯ ಬರೀರಿ ಅಂದ್ರೆ "ಇಲ್ಲಿ ಒಂದು ಮರ ಇದೆ, ಮರದ ಕೆಳಗೆ ಒಬ್ಬ ಹುಡುಗ ಇದ್ದಾನೆ" ಅಂತ ಬರೆದು ಪೆನ್ ಇಟ್ಬಿಡ್ತಾರೆ. ಬರವಣಿಗೆ ಬೆಳೆಯೋಕೆ ಕ್ಯಾಮೆರಾ ಹೇಗೆ ಬಳಸ್ಬೋದು?

ಉತ್ತರ: ಕಂಡಿದ್ದನ್ನ ಬರೀ ಅಂದ್ರೆ ಕಂಡಿದ್ದನ್ನೇ ಬರೀತಾರೆ ಮೇಡಂ, ಮಕ್ಕಳ ತಪ್ಪಿಲ್ಲ. ಕಾಣದೇ ಇರೋದನ್ನ ಕೇಳಿ. ಫೋಟೋದ ಚೌಕಟ್ಟಿನ ಹೊರಗೆ ಎಡಗಡೆ ಏನಿರ್ಬೋದು? ಇದಕ್ಕೆ ಒಂದು ನಿಮಿಷ ಮುಂಚೆ ಏನಾಯ್ತು? ಆ ಹುಡುಗ ಯಾರ ದಾರಿ ಕಾಯ್ತಿದಾನೆ? ಇನ್ನೊಂದು, ಬೇರೆ ಯಾರೋ ತೆಗೆದ ಫೋಟೋ ಬೇಡ, ಅವ್ರೇ ತೆಗೆದಿದ್ದು ಇರ್ಲಿ, ಆಗ ಅವ್ರ ಹತ್ರ ಹೇಳೋಕೆ ಏನೋ ಇರತ್ತೆ, ವಾಸನೆ, ಸದ್ದು, ಆಗ ಯಾರು ಏನಂದ್ರು ಅನ್ನೋದೆಲ್ಲಾ.

ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿ ತೋರ್ಸಿದವ್ರು ಅಮೆರಿಕದ ಫೋಟೋಗ್ರಾಫರ್ ವೆಂಡಿ ಇವಾಲ್ಡ್. 1970ರ ದಶಕದಲ್ಲಿ ಕೆಂಟಕಿಯ ಬೆಟ್ಟದ ಸೀಮೇಲಿ ಸ್ಕೂಲ್ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ತಮ್ಮನ್ನ, ತಮ್ಮ ಮನೆಯವ್ರನ್ನ, ಕೊನೆಗೆ ತಮ್ಮ ಕನಸನ್ನೂ ಫೋಟೋ ತೆಗ್ಯೋಕೆ ಹೇಳಿದ್ರು. ಆಗ ಡಿಜಿಟಲ್ ಇರಲಿಲ್ಲ, ಮಕ್ಕಳೇ ಫಿಲಂ ತೊಳೆದು ಪ್ರಿಂಟ್ ಹಾಕೋದು ಕಲಿತ್ರು. ಕನಸಿನ ಫೋಟೋ ತೆಗ್ಯೋದು ಹೇಗೆ ಅಂತ ಯೋಚ್ನೆ ಮಾಡಿ, ಅದಕ್ಕೆ ಮೊದಲು ಕನಸನ್ನ ಮಾತಲ್ಲಿ ಹೇಳ್ಬೇಕು, ಯಾರು ಎಲ್ಲಿ ನಿಲ್ಲಬೇಕು ಅಂತ ಗೆಳೆಯರಿಗೆ ವಿವರಿಸ್ಬೇಕು, ಆಮೇಲೆ ಫೋಟೋ, ಆಮೇಲೆ ಬರಹ. ಭಾಷೆ ಮೂರು ಸಲ ಕೆಲ್ಸ ಮಾಡತ್ತೆ. ನಿಮ್ಮ ಕ್ಲಾಸಲ್ಲಿ ನಾಳೇನೇ ಮಾಡ್ಬೋದು.

ಇನ್ನೊಂದು ಪುಟ್ಟ ಆಟ, ಒಂದೇ ಫೋಟೋಗೆ ಮೂರು ಶೀರ್ಷಿಕೆ, ಒಂದು ಪೇಪರ್ ಸುದ್ದಿ ಥರ, ಒಂದು ದೂರು ಥರ, ಒಂದು ಜಾಹೀರಾತು ಥರ. ಆಮೇಲೆ ಫೋಟೋದ ಅರ್ಧ ಕೈಯಲ್ಲಿ ಮುಚ್ಚಿ ಮತ್ತೆ ಶೀರ್ಷಿಕೆ ಕೊಡ್ಸಿ. ಕತ್ತರಿಸಿದ ಫೋಟೋ ಹೇಗೆ ಬೇರೆ ಕಥೆ ಹೇಳತ್ತೆ ಅಂತ ಗೊತ್ತಾದ ಮಗು ಮುಂದೆ ಸುದ್ದಿ ಫೋಟೋ ನೋಡಿದಾಗ್ಲೂ ಹೊರಗೆ ಏನಿತ್ತು ಅಂತ ಕೇಳತ್ತೆ. ಈ ಕಾಲದಲ್ಲಿ ಇದು ವ್ಯಾಕರಣದಷ್ಟೇ ಮುಖ್ಯ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಪ್ರಶ್ನೆ: ಬೋರ್ಡ್ ಮೇಲೆ ಬರೆದಿದ್ದನ್ನ ಹುಡುಗ್ರು ಮೊಬೈಲಲ್ಲಿ ಫೋಟೋ ತೆಗ್ದು ನೋಟ್ಸ್ ಬರ್ಕೊಳ್ಳೋದೇ ಬಿಟ್ಟಿದ್ದಾರೆ. ಬಿಡೋದಾ, ಬೇಡ ಅನ್ನೋದಾ?
— ಕಾಲೇಜ್ ಲೆಕ್ಚರರ್

ಉತ್ತರ: ಪೂರ್ತಿ ಬೇಡ ಅನ್ಬೇಡಿ, ಹಾಗಂತ ಬಿಟ್ಬಿಡ್ಲೂಬೇಡಿ. ಲಿಂಡಾ ಹೆಂಕೆಲ್ ಅನ್ನೋ ಮನಃಶಾಸ್ತ್ರಜ್ಞೆಯ ಒಂದು ಅಧ್ಯಯನ 2014ರಲ್ಲಿ ಪ್ರಕಟ ಆಯ್ತು. ಮ್ಯೂಸಿಯಂನಲ್ಲಿ ವಿದ್ಯಾರ್ಥಿಗಳಿಗೆ ಕೆಲವು ವಸ್ತು ಬರೀ ನೋಡೋಕೆ, ಕೆಲವನ್ನ ಫೋಟೋ ತೆಗ್ಯೋಕೆ ಹೇಳಿದ್ರು. ಮಾರನೇ ದಿನ ಕೇಳಿದಾಗ ಇಡೀ ವಸ್ತುವಿನ ಫೋಟೋ ತೆಗೆದಿದ್ದವು ಕಮ್ಮಿ ನೆನಪಿದ್ವು. ಕ್ಯಾಮೆರಾ ನೆನಪಿಟ್ಕೊಳ್ಳತ್ತೆ ಅಂತ ನಾವು ಬಿಟ್ಬಿಡ್ತೀವಿ. ಆದ್ರೆ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ, ಯಾಕಂದ್ರೆ ಝೂಮ್ ಮಾಡೋಕೆ ಗಮನ ಕೊಡ್ಲೇಬೇಕು. ಅದನ್ನೇ ಬಳಸ್ಕೊಳ್ಳಿ. "ಇಡೀ ಬೋರ್ಡ್ ಬೇಡ, ನಿಮಗೆ ಅರ್ಥ ಆಗದ ಒಂದು ಸಾಲು ಮಾತ್ರ ಫೋಟೋ ತೆಗೀರಿ, ಅದ್ರ ಕೆಳಗೆ ಏನು ಅರ್ಥ ಆಗ್ಲಿಲ್ಲ ಅಂತ ಬರೀರಿ" ಅನ್ನಿ. ಕಷ್ಟದ ಡಯಾಗ್ರಾಮ್ ಇದ್ರೆ ಮೊದಲು ಕೈಲಿ ಬರ್ದು, ಆಮೇಲೆ ಫೋಟೋ ತೆಗ್ದು ತಮ್ಮದನ್ನ ಹೋಲಿಸಿ ನೋಡ್ಲಿ. ಬೋರ್ಡ್ ಕಾಣದ, ಬೇಗ ಬರೆಯೋಕೆ ಆಗದ ಮಕ್ಕಳಿಗೆ ಮಾತ್ರ ಯಾವ ಷರತ್ತೂ ಬೇಡ, ತೆಗ್ಯೋಕೆ ಬಿಡಿ.

ಓದುಗರ ಐಡಿಯಾ: ವಿಶೇಷ ಅಗತ್ಯ ಇರೋ ಮಕ್ಕಳ ಜೊತೆ ಕೆಲ್ಸ ಮಾಡೋ ಒಬ್ಬ ಟೀಚರ್ ಬರ್ದಿದ್ದಾರೆ: "ನಮ್ಮ ಆಟಿಸಂ ಇರೋ ಮಕ್ಕಳಿಗೆ ದಿನದ ಕ್ರಮ ತೋರ್ಸೋಕೆ ರೆಡಿ ಚಿತ್ರದ ಕಾರ್ಡ್ ಬಳಸ್ತಿದ್ವಿ. ಈಗ ನಮ್ಮದೇ ಚೀಲ ಇಡೋ ಜಾಗ, ನಮ್ಮದೇ ನಲ್ಲಿ, ನಮ್ಮದೇ ಆಟದ ಮೂಲೆ ಫೋಟೋ ತೆಗ್ದು ಸಾಲಾಗಿ ಅಂಟಿಸ್ತೀವಿ, ಮುಗಿದಿದ್ದನ್ನ ಮಗೂನೇ ತೆಗೆದು ಡಬ್ಬಿಗೆ ಹಾಕತ್ತೆ. ಮಾತು ಕಮ್ಮಿ ಇರೋ ಒಂದು ಮಗು ತನಗೆ ಬೇಕಾದ ಜಾಗದ ಫೋಟೋ ತಂದು ನನ್ನ ಕೈಗೆ ಕೊಡೋಕೆ ಶುರು ಮಾಡ್ತು."

ತುಂಬಾ ಒಳ್ಳೆ ಕೆಲ್ಸ ಮೇಡಂ. ಉಳಿದವರಿಗೆ ಒಂದು ಮಾತು, ಇಂಥ ಫೋಟೋದಲ್ಲಿ ಒಂದೇ ವಸ್ತು ಇರ್ಲಿ, ಹಿನ್ನೆಲೆ ಖಾಲಿ ಇರ್ಲಿ. ನಲ್ಲಿ ಫೋಟೋದ ಮೂಲೇಲಿ ಕೆಂಪು ಬಕೆಟ್ ಇದ್ರೆ ಮಗು ಆ ಕಾರ್ಡನ್ನ ಬಕೆಟ್ ಅಂತಾನೇ ತಿಳ್ಕೊಳ್ಬೋದು.

ಪ್ರಶ್ನೆ: ಕ್ಲಾಸ್ ಫೋಟೋ ಸ್ಕೂಲ್ ಗ್ರೂಪಿಗೆ ಹಾಕಿದ್ದಕ್ಕೆ ಒಬ್ಬ ಮಗುವಿನ ತಾಯಿ ಬೇಜಾರು ಮಾಡ್ಕೊಂಡ್ರು. ನಾವು ಮಾಡಿದ್ದು ತಪ್ಪಾ? ಫೋಟೋ ಚೆನ್ನಾಗೇ ಇತ್ತು.

ಉತ್ತರ: ಚೆನ್ನಾಗಿತ್ತಾ ಇಲ್ವಾ ಅನ್ನೋದಲ್ಲ ಇಲ್ಲಿ ಪ್ರಶ್ನೆ, ಕೇಳಿದ್ರಾ ಅನ್ನೋದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿಗೂ ಖಾಸಗಿತನ ಇದೆ ಅಂತ ಹೇಳತ್ತೆ. ವರ್ಷದ ಶುರುವಲ್ಲೇ ಅಪ್ಪ ಅಮ್ಮನ ಹತ್ರ ಬರವಣಿಗೇಲಿ ಒಪ್ಪಿಗೆ ತಗೊಳ್ಳಿ, ಅದ್ರಲ್ಲೂ ಕ್ಲಾಸ್ ಒಳಗೆ ಬಳಸೋಕೆ ಬೇರೆ, ಗೋಡೆ ಮೇಲೆ ಹಾಕೋಕೆ ಬೇರೆ, ಹೊರಗೆ ಕಳಿಸೋಕೆ ಬೇರೆ ಒಪ್ಪಿಗೆ. ಕೆಲವು ಮನೆಗಳಲ್ಲಿ ಮಗು ಎಲ್ಲಿ ಓದ್ತಿದೆ ಅಂತ ಯಾರಿಗೋ ಗೊತ್ತಾಗ್ಬಾರ್ದು ಅನ್ನೋ ಪರಿಸ್ಥಿತಿ ಇರತ್ತೆ, ಅದನ್ನ ಅವ್ರು ನಿಮ್ಮ ಹತ್ರ ಬಿಡಿಸಿ ಹೇಳ್ಬೇಕಾಗಿಲ್ಲ. ಕಾರಣ ಕೇಳದೇ ಒಪ್ಕೊಳ್ಳಿ, ಆ ತಾಯಿಗೆ ಫೋನ್ ಮಾಡಿ ಗ್ರೂಪಿಂದ ಫೋಟೋ ಅಳಿಸಿದೀವಿ ಅಂತ ಹೇಳಿ.

ಮತ್ತೆ ಮಗೂನ್ನೂ ಕೇಳಿ. ಅಳ್ತಿರೋವಾಗ, ತಪ್ಪು ಲೆಕ್ಕ ಬೋರ್ಡ್ ಮೇಲೆ ಮಾಡ್ತಿರೋವಾಗ ತೆಗೆದ ಫೋಟೋ ನಮಗೆ ಮುದ್ದಾಗಿ ಕಾಣ್ಬೋದು, ಆ ಮಗುಗೆ ಹಾಗಲ್ಲ. ಕಲಿಕೆ ತೋರ್ಸೋಕೆ ಮುಖ ಬೇಕೇ ಬೇಕು ಅಂತಿಲ್ಲ, ಕೈಗಳ ಫೋಟೋ ತೆಗೀರಿ, ಹಿಂದಿಂದ ತೆಗೀರಿ, ಮಾಡಿದ ಕೆಲ್ಸದ ಫೋಟೋ ತೆಗೀರಿ. ಹಿನ್ನೆಲೇಲಿ ಹೆಸರಿನ ಪಟ್ಟಿ, ಮಾರ್ಕ್ಸ್ ಚಾರ್ಟ್ ಇದ್ಯಾ ನೋಡಿ. ಕಣ್ಣಿಗೆ ಕಾಣದ್ದು ಇನ್ನೊಂದಿದೆ, ಮೊಬೈಲ್ ಫೋಟೋ ಫೈಲ್ ಒಳಗೆ ತೆಗೆದ ಸಮಯ, ಕೆಲವೊಮ್ಮೆ ಜಾಗದ ಅಕ್ಷಾಂಶ ರೇಖಾಂಶ ಕೂಡ ಬರೆದಿರತ್ತೆ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಇದನ್ನ ದೊಡ್ಡ ಮಕ್ಕಳಿಗೆ ಪಾಠವಾಗೇ ಹೇಳ್ಬೇಕು, ಅವ್ರ ಕೈಲೂ ಕ್ಯಾಮೆರಾ ಇದೆ. "ಬೇರೆಯವ್ರ ಫೋಟೋ ತೆಗ್ಯೋ ಮುಂಚೆ ಕೇಳು, ಬೇಡ ಅಂದ್ರೆ ಕ್ಯಾಮೆರಾ ಇಳಿಸು" ಅನ್ನೋದು ಕ್ಲಾಸಿನ ಮೊದಲ ನಿಯಮ ಆಗ್ಲಿ.

ಪ್ರಶ್ನೆ: ಬೀಜ ಮೊಳಕೆ ಒಡೆಯೋದನ್ನ, ಮತ್ತೆ ಜೇಡಿಮಣ್ಣಿನ ಗೊಂಬೆ ಓಡಾಡೋದನ್ನ ವಿಡಿಯೋ ಥರ ಮಾಡ್ಬೇಕು ಅಂತ ಮಕ್ಕಳ ಆಸೆ. ಎಷ್ಟು ಫೋಟೋ ಬೇಕು?

ಉತ್ತರ: ಮೊಳಕೆಗೆ ಅರ್ಧ ಗಂಟೆಗೊಂದು ಫೋಟೋ ಸಾಕು, ದಿನಕ್ಕೆ 48, ವಾರಕ್ಕೆ 336, ಸೆಕೆಂಡಿಗೆ 24ರ ಹಾಗೆ ಓಡ್ಸಿದ್ರೆ 14 ಸೆಕೆಂಡ್ ವಿಡಿಯೋ. ಟೈಮ್‌ಲ್ಯಾಪ್ಸ್, ಅಂದ್ರೆ ಇಷ್ಟಿಷ್ಟು ಹೊತ್ತಿಗೊಂದು ಫೋಟೋ ತಾನೇ ತೆಗ್ಯೋ ಸೌಲಭ್ಯ, ಇದ್ರೆ ಅದೇ ತೆಗ್ಯತ್ತೆ, ಚಾರ್ಜರ್ ಹಾಕಿಡಿ, ರಾತ್ರಿಗೂ ಒಂದೇ ಥರ ಬೆಳಕು ಬೇಕು. ಪಕ್ಕದಲ್ಲಿ ಒಂದು ಸ್ಕೇಲ್ ನಿಲ್ಸಿ, ಇಲ್ದಿದ್ರೆ ಎಷ್ಟು ಬೆಳೀತು ಅಂತ ಹೇಳೋಕಾಗಲ್ಲ. ಗೊಂಬೆಗೆ ಸೆಕೆಂಡಿಗೆ 12 ಫೋಟೋ ಇಟ್ಕೊಳ್ಳಿ, ಹತ್ತು ಸೆಕೆಂಡಿನ ಕಥೆಗೆ 120. ಕ್ಯಾಮೆರಾ ಅಲುಗಾಡಿದ್ರೆ ಎಲ್ಲಾ ಹೋಯ್ತು, ಟ್ರೈಪಾಡ್ ಇಲ್ದಿದ್ರೆ ಪುಸ್ತಕದ ಅಟ್ಟಿ ಮಧ್ಯೆ ಸಿಕ್ಕಿಸಿ ಟೇಪ್ ಹಾಕಿ. ಫೋಕಸ್, ಎಕ್ಸ್‌ಪೋಶರ್ (ಎಷ್ಟು ಬೆಳಕು ತಗೋಬೇಕು ಅನ್ನೋದು) ಬದಲಾಗದ ಹಾಗೆ ಲಾಕ್ ಮಾಡಿ. ಕಿಟಕಿ ಮುಚ್ಚಿ ಲೈಟ್ ಹಾಕಿ, ಮೋಡ ಬಂದು ಹೋದ್ರೆ ವಿಡಿಯೋ ಮಿಣುಕತ್ತೆ.

ಪ್ರಶ್ನೆ: ಫೋಟೋ ಪ್ರಾಜೆಕ್ಟಿಗೆ ಮಾರ್ಕ್ಸ್ ಹೇಗೆ ಕೊಡೋದು? ಮತ್ತೆ ಇಷ್ಟೊಂದು ಫೋಟೋ ಎಲ್ಲಿ ಇಡೋದು?

ಉತ್ತರ: ಚೆಂದಕ್ಕೆ ಮಾರ್ಕ್ಸ್ ಬೇಡ. ಒಳ್ಳೆ ಮೊಬೈಲ್ ಇರೋ ಮಗುಗೆ ಮಾರ್ಕ್ಸ್ ಹೋಗ್ಬಿಡತ್ತೆ. ತೆಗೆದ ಮೂರರಲ್ಲಿ ಒಂದನ್ನ ಯಾಕೆ ಆರಿಸ್ಕೊಂಡ್ರು, ಉಳಿದೆರಡು ಯಾಕೆ ಬಿಟ್ರು ಅಂತ ಹೇಳೋ ಮಾತಿಗೆ, ಫೋಟೋದಲ್ಲಿ ಕಂಡ ಸಾಕ್ಷಿಯಿಂದ ತೀರ್ಮಾನಕ್ಕೆ ಬಂದ ರೀತಿಗೆ ಮಾರ್ಕ್ಸ್ ಕೊಡಿ. ಮಸುಕಾದ ಫೋಟೋಗೆ ಗಟ್ಟಿ ವಿವರಣೆ ಇದ್ರೆ ಅದಕ್ಕೇ ಜಾಸ್ತಿ.

ಇಡೋ ವಿಷಯಕ್ಕೆ, ಕ್ಯಾಮೆರಾ ಕೊಡೋ ಹೆಸರಲ್ಲಿ ಬರೀ ಅಂಕಿ ಇರತ್ತೆ, ಅದನ್ನ ಹಾಗೇ ಬಿಟ್ರೆ ಮುಂದಿನ ತಿಂಗಳು ಹುಡುಕೋಕಾಗಲ್ಲ. ವರ್ಷ, ತಿಂಗಳು, ದಿನ, ಆಮೇಲೆ ಕ್ಲಾಸ್, ಗುಂಪು, ವಿಷಯ ಈ ಕ್ರಮದಲ್ಲಿ ಹೆಸರಿಡಿ, ಆಗ ಕಂಪ್ಯೂಟರಲ್ಲಿ ತಾನಾಗೇ ತಾರೀಕಿನ ಪ್ರಕಾರ ಜೋಡಣೆ ಆಗತ್ತೆ. ಮಕ್ಕಳ ಹೆಸರು ಫೈಲ್ ಹೆಸರಲ್ಲಿ ಬೇಡ. ಮೆಮೊರಿ ಕಾರ್ಡಲ್ಲಿ ಒಂದು ಪ್ರತಿ, ಸ್ಕೂಲ್ ಕಂಪ್ಯೂಟರಲ್ಲಿ ಒಂದು, ಹೊರಗಿನ ಡ್ರೈವಲ್ಲಿ ಇನ್ನೊಂದು ಆದ್ಮೇಲೇನೇ ಕಾರ್ಡ್ ಖಾಲಿ ಮಾಡಿ. ನಿಮ್ಮ ಸ್ವಂತ ಮೊಬೈಲಲ್ಲಿ ತೆಗೆದಿದ್ರೆ ಸಂಜೆ ಮನೆಗೆ ಹೋಗೋ ಮುಂಚೆ ಸ್ಕೂಲ್ ಕಂಪ್ಯೂಟರಿಗೆ ಹಾಕಿ ಮೊಬೈಲಿಂದ ಅಳಿಸ್ಬಿಡಿ, ಡಿಲೀಟ್ ಆಗಿದ್ದು ಹೋಗಿ ಕೂತಿರೋ ಫೋಲ್ಡರಿಂದಲೂ.